ಮರೆತು ಮುಗಿಯುವ ಮೊದಲೇ

ಪೊದ್ಬರ್ದೊ
೯ ಅಕ್ಟೋಬರ್ ೨೦೨೨

ಅತ್ತೆಯವರಿಗೆ ನೆವೆಂಕಾಳ ನಮಸ್ಕಾರಗಳು.

ಅಕ್ಷರದ ಗುರುತು ಹಿಡಿದೂ ನೀವು ಲಕೋಟೆಯನ್ನು ಒಲೆಗೆ ಹಾಕದೆ ಒಡೆದಿದ್ದರೆ ಅಷ್ಟಕ್ಕೇ ನಾನು ಋಣಿ. ನಿಮ್ಮ ಮಗ ಸ್ತಾನೆಯೂ ನಾನೂ ಬೇರೆಯಾದ ಮೇಲೆ ನಿಮಗೆ ಒಂದು ಸಾಲೂ ಬರೆದಿಲ್ಲ. ಫೋನ್ ಮಾಡೋಣವೆಂದರೆ ನಿಮ್ಮ ಕಿವಿಗೆ ಫೋನಿನ ಮಾತು ನಿಲುಕುವುದಿಲ್ಲ. ನಿಲುಕಿದರೂ ಮೊದಲು ಎತ್ತುವವನು ಸ್ತಾನೆ.

ವಿಷಯ ನಿಮ್ಮ ಮೊಮ್ಮಗಳು ಲುಚ್ಕಾಳದು. ಅವಳು ಯಾರ ಬಳಿ ಇರಬೇಕೆಂಬ ನಮ್ಮ ಜಗಳ ನ್ಯಾಯಾಲಯದಲ್ಲಿ ಇನ್ನೂ ಕುಂಟುತ್ತಿರುವುದು ನಿಮಗೆ ಗೊತ್ತು. ವಾರವಿಡೀ ಇಲ್ಲಿ ನನ್ನೊಡನೆ, ಶುಕ್ರವಾರ ಸಂಜೆ ರೈಲು ಹತ್ತಿ ಬೆಟ್ಟದಾಚೆ ನಿಮ್ಮ ಮನೆಗೆ, ಭಾನುವಾರ ವಾಪಸ್ಸು. ಸ್ತಾನೆ ಈಗ ಅವಳನ್ನು ಪೂರ್ತಿ ಬಿಸ್ತ್ರಿತ್ಸಾಗೆ ಕರೆಸಿಕೊಂಡು ಅಲ್ಲಿಯ ಶಾಲೆಗೇ ಸೇರಿಸಬೇಕು ಎನ್ನುತ್ತಿದ್ದಾನೆ. ನಾನು ಬಿಡುವುದಿಲ್ಲ ಎಂದೆ. ವಕೀಲರಿಬ್ಬರೂ ಕೂಗಾಡಿದ್ದನ್ನು ಕೇಳಿ ಸಾಕಾಗಿ ನ್ಯಾಯಾಧೀಶೆ, ಮಗುವಿನ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಿದ್ದಾರೆ. ಹೆಸರು ಮಾರ್ಗಿತಾ ಲೆಬಾನ್. ತೊಲ್ಮಿನ್ ಕಡೆಯವರು, ಕಿವುಡ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿದವರಂತೆ.

ಆಕೆ ಮೊನ್ನೆ ಇಲ್ಲಿಗೆ ಬಂದಿದ್ದರು. ನಿಜ ಹೇಳುತ್ತೇನೆ, ಬಾಗಿಲು ತೆರೆಯುವಾಗಲೇ ನನಗೆ ಸಿಟ್ಟು. "ನನ್ನ ಮಗಳಿಗೇನು ಬಾಯಿಲ್ವಾ, ಅವಳ ಮಾತು ಇನ್ಯಾರೋ ಬಂದು ಆಡೋಕೆ?" ಎಂದೆ.

"ಬಾಯಿದೆ. ಅವಳ ಸುತ್ತ ಕಿವಿಗಳೇ ಜಾಸ್ತಿಯಾಗಿವೆ. ಅವೆಲ್ಲ ನಿಮ್ಮಿಬ್ಬರದೇ," ಎಂದರು, ಕೋಟು ಬಿಚ್ಚುತ್ತ.

ಆಮೇಲೆ ಸಮಾಧಾನವಾಗಿ ವಿವರಿಸಿದರು. ಆಕೆ ಯಾರ ವಕೀಲರೂ ಅಲ್ಲ, ತೀರ್ಪು ಕೊಡುವವರೂ ಅಲ್ಲ. ಲುಚ್ಕಾಳ ಮನಸ್ಸಿನಲ್ಲಿ ಏನಿದೆಯೋ ಅದನ್ನು ಅವಳೇ ಕಂಡುಕೊಳ್ಳಲು ಜೊತೆಗಿರುತ್ತಾರೆ. ಅವಳು ಒಪ್ಪಿದಷ್ಟನ್ನು ಮಾತ್ರ ನ್ಯಾಯಾಲಯಕ್ಕೆ ಮುಟ್ಟಿಸುತ್ತಾರೆ. ಒಪ್ಪದಿದ್ದರೆ ನನಗೂ ಹೇಳುವುದಿಲ್ಲ, ನ್ಯಾಯಾಧೀಶೆಗೂ ಹೇಳುವುದಿಲ್ಲ. ಇದ್ಯಾವ ಸೀಮೆಯ ಏರ್ಪಾಡೋ! ಅವಳ ಮನಸ್ಸಿನಲ್ಲಿರುವುದು ನನಗೆ ಗೊತ್ತೇ ಇದೆ. "ಅಮ್ಮ, ನಾನು ನಿನ್ ಜೊತೇನೇ ಇರ್ತೀನಿ" ಎಂದು ನನ್ನ ಹಾಸಿಗೆಯಲ್ಲಿ ಮಲಗಿ ಎಷ್ಟು ಸಲ ಹೇಳಿದ್ದಾಳೆ.

ಆಕೆ ನಿಮ್ಮ ಮನೆಗೂ ಬರುತ್ತಾರೆ. ಸ್ತಾನೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಟ್ಟಾನು ಎಂಬ ಭಯ ನನಗೆ. ದಯವಿಟ್ಟು ಒಳಗೆ ಕರೆದು ಕೂರಿಸಿ. ಬೇರೇನೂ ಕೇಳುವುದಿಲ್ಲ.

ಇತಿ,
ನೆವೆಂಕಾ


ಬಿಸ್ತ್ರಿತ್ಸಾ
೨೪ ಅಕ್ಟೋಬರ್ ೨೦೨೨

ನೆವೆಂಕಾ,

ಲಕೋಟೆಯನ್ನು ಒಲೆಗೆ ಹಾಕಲಿಲ್ಲ. ಒಲೆ ಇನ್ನೂ ಹೊತ್ತಿಸಿರಲಿಲ್ಲ, ನಿನ್ನ ಅದೃಷ್ಟ.

ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ಸಿಟ್ಟಿನಲ್ಲಿ, ಒಂದು ಸಲ ಕನ್ನಡಕ ಹಾಕಿಕೊಂಡು. ಸ್ತಾನೆಗೆ ಹೇಳಿಲ್ಲ. ಅಂಚೆಯವಳು ಬರುವುದು ಅವನು ರೈಲು ಓಡಿಸಲು ಕೆಲಸಕ್ಕೆ ಹೋದ ಮೇಲೆ. ಹಾಗಾಗಿ ಬರೆಯುವುದಿದ್ದರೆ ಬರೆ.

ನೀನು ಹೇಳಿದ ಹೆಂಗಸು ಬಂದಿದ್ದಳು. ಉದ್ದಕ್ಕೆ, ಒಣಕಲಾಗಿ, ಗಂಡಸರ ಬೂಟು ಹಾಕಿಕೊಂಡು. ಸ್ತಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. "ಏನ್ ಬೇಕಾದ್ರೂ ಕೇಳಿ. ನಮ್ಮನೇಲಿ ಮುಚ್ಚಿಡೋದೇನಿಲ್ಲ" ಎಂದ. ಲುಚ್ಕಾಗೆ ಬೇರೆ ಕೋಣೆಯಿದೆ, ಶಾಲೆ ಹತ್ತಿರವಿದೆ ಎಂದೆಲ್ಲ ತಾನೇ ಒಪ್ಪಿಸಿದ. ಅವಳು ನಾನು ಬಡಿಸಿದ ಮುದ್ದೆಯನ್ನು ಹಂದಿಕೊಬ್ಬಿನ ಚೂರುಗಳ ಸಮೇತ ಸದ್ದಿಲ್ಲದೆ ತಿಂದಳು. ಮುಗಿದ ಮೇಲೆ ಕೇಳಿದ್ದು ಒಂದೇ.

"ನಿಮ್ಮ ಮಗಳು ಮಾಡೋದ್ರಲ್ಲಿ ನಿಮಗೆ ಅರ್ಥ ಆಗದೇ ಇರೋದು ಏನಾದ್ರೂ ಇದೆಯಾ?"

"ನನ್ ಮಗಳು ರೀ. ಅರ್ಥ ಆಗದೇ ಇರೋಕೇನಿದೆ?"

ಅವಳು ತಲೆಯಾಡಿಸಿದಳು. ಬರೆದುಕೊಳ್ಳಲೂ ಇಲ್ಲ.

ಆಮೇಲೆ ಹಿತ್ತಲಿಗೆ ಹೋದಳು. ಅಲ್ಲಿ ಲುಚ್ಕಾ ಸೌದೆ ಜೋಡಿಸುತ್ತಿದ್ದಳು. ಇವಳೂ ಕೋಟು ತೆಗೆದಿಟ್ಟು ಪಕ್ಕದಲ್ಲಿ ನಿಂತು ಜೋಡಿಸತೊಡಗಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಕಿವಿ ಹೋದ ಮೇಲೆ ಜನರ ತುಟಿ ನೋಡುವುದು ನನಗೆ ಅಭ್ಯಾಸವಾಗಿದೆ. ಇಬ್ಬರ ತುಟಿಯೂ ಅಲ್ಲಾಡಲಿಲ್ಲ. ಬಿಸಿಲು ಬೆಟ್ಟದ ಹಿಂದೆ ಹೋಗುವ ತನಕ ಹಾಗೇ. ಇಷ್ಟು ವಯಸ್ಸಾದ ಹೆಂಗಸೊಬ್ಬಳು ಮಗುವಿನ ಪಕ್ಕದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದನ್ನು ನನ್ನ ಜನ್ಮದಲ್ಲೇ ಕಂಡಿರಲಿಲ್ಲ. ಅವಳು ಹೋದ ಮೇಲೆ ಲುಚ್ಕಾ ನನ್ನ ಲಂಗಕ್ಕೆ ಬಂದು ಅಂಟಿಕೊಂಡಳು.

"ಅಜ್ಜಿ, ಅವ್ರು ನನ್ನ ಏನೂ ಕೇಳ್ಲೇ ಇಲ್ಲ. ಮತ್ತೆ ಬರ್ತಾರಾ?"

ಇನ್ನು ಕಹಿಯಾದ ಮಾತು. ಲುಚ್ಕಾ ನಿನ್ನೊಡನೆಯೇ ಇರುತ್ತೇನೆ ಎಂದಳೆಂದು ಬರೆದಿದ್ದೀಯ. ಇದೇ ಹುಡುಗಿ ಕಳೆದ ಶನಿವಾರ ನನ್ನ ಒಲೆಯ ಮುಂದೆ ಅಪ್ಪನ ಕುತ್ತಿಗೆಗೆ ಜೋತುಬಿದ್ದು "ನಾನು ಇಲ್ಲೇ ಇರ್ತೀನಿ, ಬೆಟ್ಟದಾಚೆ ಹೋಗಲ್ಲ" ಎಂದಳು. ಅವಳೇ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಇನ್ನೊಮ್ಮೆ ಹೇಳಿದಳು. ಇಷ್ಟು ದಿನ ನೀನೇ ಸುಳ್ಳು ಹೇಳುತ್ತಿದ್ದೀಯೆಂದು ನಂಬಿದ್ದೆ. ನಿನ್ನ ಕಾಗದ ನೋಡಿದರೆ ಹಾಗೆ ಕಾಣುವುದಿಲ್ಲ. ಸ್ತಾನೆಯೂ ಸುಳ್ಳನಲ್ಲ.

ಯೋಚನೆ ಮಾಡು. ಆದರೆ ಮಗುವನ್ನು ಕೇಳಲು ಹೋಗಬೇಡ.

ಪಾವ್ಲಾ


ಪೊದ್ಬರ್ದೊ
೨೦ ನವೆಂಬರ್ ೨೦೨೨

ಅತ್ತೆಯವರಿಗೆ,

ಕೇಳಬೇಡ ಎಂದಿದ್ದಿರಿ. ಕೇಳಿಬಿಟ್ಟೆ.

ನಿಮ್ಮ ಕಾಗದ ಬಂದ ವಾರದ ಭಾನುವಾರ ಅವಳು ರೈಲಿಳಿದು ಬಂದು ಹುಳಿಕೋಸಿನ ಸಾರು ಕುಡಿಯುತ್ತ ಕೂತಿದ್ದಳು. ಎಷ್ಟು ತಡೆದುಕೊಂಡರೂ ಆಗಲಿಲ್ಲ. "ಅಪ್ಪನಿಗೂ ಅವನ ಜೊತೇನೇ ಇರ್ತೀನಿ ಅಂದ್ಯಂತೆ?" ಎಂದೆ. ಗದರಿದ್ದಲ್ಲ, ಅತ್ತೆ. ನಗುತ್ತಲೇ ಕೇಳಿದೆನೆಂದುಕೊಂಡಿದ್ದೇನೆ. ಚಮಚ ಬಟ್ಟಲಲ್ಲೇ ನಿಂತಿತು. ಅವಳ ತುಟಿಯ ಬಣ್ಣವೇ ಹೋಯಿತು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ಓದುವವಳಂತೆ ನೋಡಿ, ಮೆಲ್ಲಗೆ ಹೇಳಿದಳು:

"ನಾನು ಏನ್ ಹೇಳ್ಬೇಕಮ್ಮ? ನೀನೇ ಹೇಳು, ಹಂಗೇ ಹೇಳ್ತೀನಿ."

ಆಮೇಲೆ ಕುಡಿದದ್ದನ್ನೆಲ್ಲ ಕಕ್ಕಿದಳು. ಎರಡು ದಿನ ಶಾಲೆಗೆ ಹೋಗಲಿಲ್ಲ.

ಶ್ರೀಮತಿ ಲೆಬಾನರಿಗೆ ಫೋನ್ ಮಾಡಿ ಅಳುತ್ತಳುತ್ತ ಒಪ್ಪಿಸಿದೆ. ಬೈಯುತ್ತಾರೆಂದು ಕಾದೆ. ಆಕೆ ಬಂದು ನನ್ನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು, "ಇಬ್ಬರನ್ನೂ ನೋಯಿಸದೇ ಇರೋಕೆ ಅವಳಿಗೆ ಗೊತ್ತಿರೋ ದಾರಿ ಅದೊಂದೇ. ಸುಳ್ಳು ಅನ್ಬೇಡಿ. ಅದು ದುಡಿಮೆ" ಎಂದರು. ಇನ್ನು ಎರಡೂ ಮನೆಗಳಲ್ಲಿ ಯಾರೂ ಅವಳನ್ನು ಏನೂ ಕೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. ಸ್ತಾನೆಯಿಂದಲೂ ತೆಗೆದುಕೊಂಡಿರಬೇಕು. ಅವನು ಕೊಟ್ಟನೋ ಇಲ್ಲವೋ ನಿಮಗೇ ಗೊತ್ತು.

ಆಕೆಯೊಡನೆ ಲುಚ್ಕಾ ಮಾತಾಡುತ್ತಾಳೆಯೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಇಬ್ಬರೂ ಶಾಲೆಯ ಗ್ರಂಥಾಲಯದಲ್ಲಿ ಕೂತರು, ಹೊಳೆಯ ದಂಡೆಯಲ್ಲಿ ನಡೆದರು. ಒಂದು ಮಾತೂ ಹೊರಡಲಿಲ್ಲವಂತೆ. ಕಡೆಗೆ ಲುಚ್ಕಾಳೇ, "ನೀವು ನನ್ ಜೊತೆ ರೈಲಲ್ಲಿ ಬರ್ತೀರಾ?" ಎಂದು ಕೇಳಿದಳಂತೆ. ಅಂದಿನಿಂದ ಪ್ರತಿ ಶುಕ್ರವಾರ ಆಕೆ ಇಲ್ಲಿ ಹತ್ತುತ್ತಾರೆ. ಅವಳೊಡನೆ ಬೆಟ್ಟದೊಳಗಿನ ಸುರಂಗ ದಾಟಿ ನಿಮ್ಮ ಸ್ಟೇಷನ್ನಿನಲ್ಲಿ ಇಳಿಸಿ, ಮುಂದಿನ ಗಾಡಿಗೆ ಹಿಂದಿರುಗುತ್ತಾರೆ.

ಮೊನ್ನೆ ನಾನು ಅವರಿಬ್ಬರನ್ನೂ ಹತ್ತಿಸಿ ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಗಾಡಿ ಹೊರಡಲು ಇನ್ನೂ ಹೊತ್ತಿತ್ತು. ಕಿಟಕಿಯ ಗಾಜಿನಾಚೆ ನನ್ನ ಮಗಳು ಮಾತಾಡುತ್ತಿದ್ದಳು. ಅತ್ತೆ, ಹೇಗೆ ಹೇಳಲಿ. ಕೈಯೆರಡೂ ಗಾಳಿಯಲ್ಲಿ ಏನನ್ನೋ ಕಟ್ಟುತ್ತಿದ್ದವು, ಕೆಡವುತ್ತಿದ್ದವು. ಹುಬ್ಬು ಮೇಲೇರುತ್ತಿತ್ತು. ಒಮ್ಮೆ ಎದ್ದು ನಿಂತು ಯಾರನ್ನೋ ಅಣಕಿಸಿದಳು, ಬಹುಶಃ ನನ್ನನ್ನೇ. ಹೆತ್ತವಳು ನಾನು, ಎಲ್ಲ ಗೊತ್ತೆಂದುಕೊಂಡವಳು. ಅಷ್ಟೊಂದು ದೊಡ್ಡ ಹುಡುಗಿಯೊಬ್ಬಳು ನನ್ನ ಮನೆಯಲ್ಲಿ ಇದ್ದಾಳೆಂಬುದೇ ನನಗೆ ತಿಳಿದಿರಲಿಲ್ಲ. ಮೊದಲ ಸಲ ಸಮುದ್ರ ನೋಡಿದ ದಿನ ಹೀಗೇ ಬಾಯಿ ತೆರೆದು ನಿಂತಿದ್ದೆ.

ಗಾಡಿ ಹೋಯಿತು. ಸ್ಟೇಷನ್ ಮಾಸ್ತರರು ಬಂದು, "ಏನಮ್ಮಾ, ಚಳಿ ಹತ್ತಲ್ವಾ?" ಎಂದಾಗಲೇ ನನಗೆ ಎಚ್ಚರವಾದದ್ದು.

ನಿಮ್ಮ
ನೆವೆಂಕಾ


ಬಿಸ್ತ್ರಿತ್ಸಾ
೧೭ ಜನವರಿ ೨೦೨೩

ನೆವೆಂಕಾ,

ತಡವಾಗಿ ಬರೆಯುತ್ತಿದ್ದೇನೆ. ಒಳ್ಳೆಯ ಸುದ್ದಿ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಸ್ತಾನೆ ಮಾತು ಕೊಟ್ಟಿರಲಿಲ್ಲ. ಆ ಹೆಂಗಸು ನಿನ್ನ ಕಡೆ ವಾಲಿದ್ದಾಳೆ, ವಾರವಾರ ರೈಲಿನಲ್ಲಿ ಮಗುವಿನ ಕಿವಿ ಕಚ್ಚುತ್ತಿದ್ದಾಳೆ ಎಂದು ವಕೀಲನಿಗೆ ಹೇಳಿ ಅವಳನ್ನು ತೆಗೆಸುವ ಅರ್ಜಿಯನ್ನೂ ಬರೆಸಿಟ್ಟಿದ್ದ. ಕ್ರಿಸ್ಮಸ್ಸಿನ ಊಟದ ಹೊತ್ತಿನಲ್ಲಿ ನಾನು, "ಲೋ, ಒಂದಿನ ನೀನೂ ಬಾಯ್ ಮುಚ್ಕೊಂಡು ಮಗು ಪಕ್ಕ ಕೂತು ನೋಡೋ" ಎಂದದ್ದಕ್ಕೆ ತಟ್ಟೆ ತಳ್ಳಿ ಎದ್ದುಹೋದ.

ಈಗ ಮೊನ್ನೆಯ ಶುಕ್ರವಾರದ ಕತೆ. ಸುರಂಗದ ನಡುವೆ ಗಾಡಿ ನಿಂತದ್ದು ನಿನಗೂ ತಿಳಿದಿರಬೇಕು. ಎಂಜಿನ್ ಕೆಟ್ಟಿತಂತೆ, ದೀಪಗಳೂ ಹೋದವಂತೆ. ಆ ಗಾಡಿಯ ಚಾಲಕ ಸ್ತಾನೆಯೇ. ಲುಚ್ಕಾಳೂ ಆ ಹೆಂಗಸೂ ಹಿಂದಿನ ಡಬ್ಬಿಯಲ್ಲಿದ್ದರು. ಬಹಳ ಹೊತ್ತಿನ ಮೇಲೆ ಗಾಡಿ ಹೇಗೋ ಹೊರಟು ಊರು ಸೇರಿತು. ಯಾರಿಗೂ ಏನೂ ಆಗಲಿಲ್ಲ. ಲುಚ್ಕಾ ಕುಣಿಯುತ್ತ ಮನೆಗೆ ಬಂದಳು. ಗಾಬರಿಯ ಗುರುತೂ ಇರಲಿಲ್ಲ. ಹಸಿವೆಂದು ಎರಡು ಬಟ್ಟಲು ಸಾರು ಕುಡಿದಳು.

ಸ್ತಾನೆ ಅವಳ ಹಿಂದೆಯೇ ಬಂದ. ಬೂಟು ಬಿಚ್ಚಲಿಲ್ಲ. ನನ್ನ ತೊಳೆದ ನೆಲದ ಮೇಲೆ ಹಿಮ ಕರಗುತ್ತಿದ್ದರೂ ನಾನು ಬೈಯಲಿಲ್ಲ, ಅವನ ಮುಖ ಹಾಗಿತ್ತು. ಅವರಪ್ಪ ತೀರಿಕೊಂಡ ದಿನವೂ ಊಟ ಬಿಟ್ಟವನಲ್ಲ. ಅಂದು ಏನೂ ಮುಟ್ಟಲಿಲ್ಲ. ಲುಚ್ಕಾ ತಿನ್ನುವುದನ್ನೇ ನೋಡುತ್ತ ಕೂತ. ಚರ್ಚಿನೊಳಗೆ ಕೂತವರು ನೋಡುತ್ತಾರಲ್ಲ, ಹಾಗೆ.

"ಏನಾಯ್ತೋ?" ಎಂದೆ.

"ಏನಿಲ್ಲಮ್ಮ."

"ಎಂಜಿನ್ನಾ?"

"ಎಂಜಿನ್ನಲ್ಲ."

ಅಷ್ಟೇ. ಮಾರನೆಯ ದಿನ ವಕೀಲನಿಗೆ ಫೋನ್ ಮಾಡಿ ಆ ಅರ್ಜಿ ಬೇಡವೆಂದ. ನಾನು ತುಟಿ ನೋಡಿ ತಿಳಿದುಕೊಂಡೆ. ಮತ್ತೆ ನಿನ್ನ ಹೆಸರು ಹೇಳಿ ಯಾರನ್ನೋ ಏನೋ ವಿಚಾರಿಸುತ್ತಿದ್ದ. ಅವನು ನಿನ್ನ ಬಾಗಿಲಿಗೆ ಬಂದರೆ ನಾನು ಕೇಳಿಕೊಳ್ಳುವುದಿಷ್ಟು: ಒಳಗೆ ಕರೆದು ಕೂರಿಸು.

ಪಾವ್ಲಾ


ಪೊದ್ಬರ್ದೊ
೨೯ ಜನವರಿ ೨೦೨೩

ಅತ್ತೆ,

ಬಂದಿದ್ದ. ಇಂದು ಬೆಳಿಗ್ಗೆ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ, ಭುಜದ ಮೇಲೆ ಹಿಮ ಹೊತ್ತುಕೊಂಡು. ಒಳಗೆ ಬಾ ಎಂದೆ.

"ಬೇಡ. ಒಳಗೆ ಬಂದ್ರೆ ಹೇಳಕ್ಕಾಗಲ್ಲ. ಇಲ್ಲೇ ಹೇಳ್ತೀನಿ," ಎಂದ.

ಅವನು ಹೊಸ್ತಿಲಾಚೆ, ನಾನು ಈಚೆ. ಇಬ್ಬರೂ ನಡುಗುತ್ತಿದ್ದೆವು.

ಗಾಡಿ ನಿಂತ ಮೇಲೆ ಪ್ರಯಾಣಿಕರಿಗೆ ಧೈರ್ಯ ಹೇಳೋಣವೆಂದು ಅವನು ಟಾರ್ಚು ಹಿಡಿದು ಹಿಂದಿನ ಡಬ್ಬಿಗೆ ಬಂದನಂತೆ. ಬಾಗಿಲು ಸರಿಸುವಾಗ ಕತ್ತಲಲ್ಲಿ ಲುಚ್ಕಾಳ ದನಿ ಕೇಳಿಸಿತು. ಅವಳು ಹೆದರಿರುತ್ತಾಳೆ, ಓಡಿಹೋಗಿ ಎತ್ತಿಕೊಳ್ಳಬೇಕು ಎಂದುಕೊಂಡ. ಆದರೆ ಅದು ಹೆದರಿದ ದನಿಯಾಗಿರಲಿಲ್ಲ. ಟಾರ್ಚು ಆರಿಸಿ ಅಲ್ಲೇ ನಿಂತ.

"ಏನ್ ಹೇಳ್ತಿದ್ಲು?" ಎಂದೆ.

"ಮರೆಯೋದನ್ನ ಅಭ್ಯಾಸ ಮಾಡ್ತೀನಿ ಅಂತಿದ್ಲು."

"ಏನು?"

"ಸುರಂಗದೊಳಗೆ. ಈ ಕಡೆಯಿಂದ ಹೋಗೋವಾಗ ನಿನ್ ಮನೇದೆಲ್ಲ ಮರೀಬೇಕಂತೆ. ನೀನು ಕೆಂಪು ಅಂಗಿ ತಗೊಂಡಿದ್ದು, ಪಕ್ಕದ ಮನೆಯವನು ಬಂದು ಸೂರು ರಿಪೇರಿ ಮಾಡ್ಕೊಟ್ಟಿದ್ದು, ನೀವಿಬ್ರೂ ಯಾವ್ದೋ ಸಿನಿಮಾ ನೋಡಿ ನಕ್ಕಿದ್ದು. ಒಂದೊಂದಾಗಿ ಎಣಿಸಿ ಮರೀತಾಳಂತೆ, ನನ್ನ ಮುಂದೆ ಬಾಯ್ತಪ್ಪಿ ಬರಬಾರ್ದು ಅಂತ. ವಾಪಸ್ ಬರೋವಾಗ ನಮ್ಮನೇದು. ನಮ್ಮಮ್ಮ ಹಬ್ಬದ ದಿನ ಅತ್ತಿದ್ದು, ನಾನು ದೋಸೆ ಹುಯ್ಯೋಕೆ ಕಲ್ತಿದ್ದು."

ಅವನು ಭುಜದ ಮೇಲಿನ ಹಿಮ ಕೊಡವಿಕೊಂಡ.

"ಒಂದೊಂದ್ಸಲ ಮರೆತು ಮುಗಿಯೋ ಮೊದ್ಲೇ ಬೆಳಕು ಬಂದ್ಬಿಡುತ್ತಂತೆ, ನೆವೆಂಕಾ. ಆಗ ಭಯ ಆಗುತ್ತಂತೆ. ಗಾಡಿ ನಿಂತಿದ್ದು ಒಳ್ಳೇದಾಯ್ತು, ಇವತ್ತು ಟೈಮ್ ಸಿಕ್ತು ಅಂತ ಆಯಮ್ಮನಿಗೆ ಹೇಳ್ತಿದ್ಲು. ಖುಷಿಯಾಗಿ ಹೇಳ್ತಿದ್ಲು!"

ಶ್ರೀಮತಿ ಲೆಬಾನ್ ಏನೆಂದರೆಂದು ಕೇಳಿದೆ. ಬಹಳ ಹೊತ್ತಿನ ಮೇಲೆ, "ನನ್ನ ಹತ್ರ ಏನನ್ನೂ ಮರೀಬೇಕಾಗಿಲ್ಲ ನೀನು" ಎಂದರಂತೆ. ಸ್ತಾನೆ ಟಾರ್ಚು ಹಚ್ಚದೆ ಗೋಡೆ ತಡವುತ್ತ ಎಂಜಿನ್ನಿಗೆ ಹಿಂದಿರುಗಿದನಂತೆ.

"ಇಷ್ಟು ವರ್ಷ ಆ ಸುರಂಗದಲ್ಲಿ ಗಾಡಿ ಓಡ್ಸಿದೀನಿ. ಕತ್ತಲು ಅಂದ್ರೆ ಕತ್ತಲು ಅಷ್ಟೇ ಅಂದ್ಕೊಂಡಿದ್ದೆ. ನನ್ ಬೆನ್ ಹಿಂದೇನೇ ಆ ಮಗು ಕೂತ್ಕೊಂಡು..." ಎಂದವನು ಬಾಗಿಲ ಚೌಕಟ್ಟಿಗೆ ಕೈ ಊರಿದ.

ಆಗ ಅವನು ಒಳಗೆ ಬಂದ. ಲುಚ್ಕಾ ಇನ್ನೂ ಅಲ್ಲಿ ನಿಮ್ಮ ಬಳಿಯೇ ಇದ್ದಳು. ನಾವಿಬ್ಬರೂ ಕಾಫಿಯನ್ನೂ ಕುಡಿಯದೆ ಮೇಜಿನ ಆಚೀಚೆ ಕೂತಿದ್ದೆವು. ನಮ್ಮ ನಡುವಿನ ಹಳೆಯದು ಯಾವುದೂ ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ಅಷ್ಟು ಪುಟ್ಟ ಜೀವ ನಮ್ಮಿಬ್ಬರನ್ನು ಕಾಪಾಡಲು ಕತ್ತಲಲ್ಲಿ ಕೂತು ಅಷ್ಟು ದೊಡ್ಡ ಕೆಲಸ ಮಾಡುತ್ತಿತ್ತೆಂಬ ವಿಷಯದ ಮುಂದೆ ನಮ್ಮ ಜಗಳ ತೀರ ಸಣ್ಣದಾಗಿ ಕಂಡಿತು. ನನಗೆ ಅಳುವೂ ಬರಲಿಲ್ಲ. ಎದ್ದು ನಿಲ್ಲಬೇಕೆನ್ನಿಸಿತು, ದೊಡ್ಡವರು ಯಾರೋ ಒಳಗೆ ಬಂದಾಗ ಎದ್ದು ನಿಲ್ಲುತ್ತೇವಲ್ಲ, ಹಾಗೆ.

ಕೇಳಿಸಿಕೊಂಡದ್ದನ್ನು ಅವಳಿಗೆ ಗೊತ್ತುಮಾಡಬಾರದೆಂದು ಅವನೂ ನಾನೂ ಒಪ್ಪಿದೆವು. ಲೆಬಾನರಿಗೆ ಮಾತ್ರ ಅವನೇ ಹೋಗಿ ಹೇಳುತ್ತಾನಂತೆ.

ನಿಮ್ಮ
ನೆವೆಂಕಾ


ಬಿಸ್ತ್ರಿತ್ಸಾ
೨ ಏಪ್ರಿಲ್ ೨೦೨೩

ನೆವೆಂಕಾ,

ನನ್ನದೇ ಅಡುಗೆಮನೆಯಿಂದ ನನ್ನನ್ನು ಹೊರಗೆ ಹಾಕಿದರು, ಕೇಳು.

ನಿನ್ನೆ ಲೆಬಾನ್ ಬಂದಿದ್ದಳು. ನ್ಯಾಯಾಲಯಕ್ಕೆ ಲುಚ್ಕಾ ಏನಾದರೂ ಹೇಳಿಕಳಿಸುವುದಿದ್ದರೆ ಈಗ ಹೇಳಬೇಕಂತೆ. ಇಷ್ಟವಿಲ್ಲದಿದ್ದರೆ ಏನೂ ಹೇಳದಿರಬಹುದಂತೆ. ಲುಚ್ಕಾ ಯೋಚಿಸಿ, ಹೇಳುತ್ತೇನೆ ಎಂದಳು. ನಾನು ಶ್ಟ್ರೂಕ್ಲಿ ಕಡುಬಿಗೆ ಹಿಟ್ಟು ನಾದುತ್ತಿದ್ದೆ. "ಅಜ್ಜಿ, ನೀನು ಹೊರಗೆ ಹೋಗು," ಎಂದಳು ಮೊಮ್ಮಗಳು.

"ನಾನು ಕಿವುಡಿ ಕಣೇ. ಇದ್ರೇನು?"

"ನಿಂಗೆ ಬೇಕಾದಾಗೆಲ್ಲ ಚೆನ್ನಾಗೇ ಕೇಳ್ಸುತ್ತೆ."

ಲೆಬಾನ್ ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಕೈಗೆ ಹಿಟ್ಟು ಮೆತ್ತಿಕೊಂಡೇ ಹಿತ್ತಲಿನ ಬೆಂಚಿನ ಮೇಲೆ ಹೋಗಿ ಕೂತೆ. ಸ್ತಾನೆಯೂ ಬಂದು ಪಕ್ಕದಲ್ಲಿ ಕೂತ. ಒಳಗೆ ಲುಚ್ಕಾ ಮೇಜಿನ ಸುತ್ತ ನಡೆದಾಡುತ್ತ ಹೇಳುವುದು, ಲೆಬಾನ್ ಬರೆಯುವುದು, ಓದುವುದು, ಇವಳು ಕೈಬೀಸಿ ಹೊಡೆದುಹಾಕಿಸುವುದು. ಮಧ್ಯೆ ಒಮ್ಮೆ ಹೊರಗೆ ಬಂದು ನೀರು ಕುಡಿದು, ನಮ್ಮಿಬ್ಬರನ್ನೂ ನೋಡಿ, "ಇನ್ನೂ ಮುಗ್ದಿಲ್ಲ" ಎಂದು ಗಂಭೀರವಾಗಿ ಹೇಳಿ ಒಳಗೆ ಹೋದಳು. ಮಂತ್ರಿಗಳೂ ಅಷ್ಟು ಗಂಭೀರವಾಗಿರುವುದಿಲ್ಲ.

"ಏನ್ ಬರೆಸ್ತಿದಾಳೋ," ಎಂದ ಸ್ತಾನೆ.

"ಹೆದರಿಕೆನಾ?" ಎಂದೆ.

"ಹೂಂ."

ನನಗೂ ಹೆದರಿಕೆಯೇ. ಇಂಥ ಹೆದರಿಕೆ ಹಿಂದೆ ಅನುಭವಿಸಿದ್ದು ಪಾದ್ರಿಯವರ ಮುಂದೆ ಮೊದಲ ಸಲ ಮಂಡಿಯೂರಿದಾಗ. ನಾದಿಟ್ಟ ಹಿಟ್ಟು ಹಾಳಾಯಿತು. ಬ್ರೆಡ್ಡು ತಿಂದು ಮಲಗಿದೆವು.

ಪಾವ್ಲಾ


ಪೊದ್ಬರ್ದೊ
೧೪ ಮೇ ೨೦೨೩

ಅತ್ತೆ,

ನ್ಯಾಯಾಲಯದಲ್ಲಿ ಆದದ್ದನ್ನು ಸ್ತಾನೆ ಅರ್ಧಂಬರ್ಧ ಹೇಳಿರುತ್ತಾನೆ. ಪೂರ್ತಿ ನಾನು ಬರೆಯುತ್ತೇನೆ.

ಲುಚ್ಕಾ ಬಂದಿರಲಿಲ್ಲ, ಶಾಲೆಯಲ್ಲಿದ್ದಳು. ಒಳಗೆ ನಾವಿಬ್ಬರು, ವಕೀಲರಿಬ್ಬರು, ನ್ಯಾಯಾಧೀಶೆ, ಅವರ ಗುಮಾಸ್ತೆ. ಶ್ರೀಮತಿ ಲೆಬಾನ್ ಎದ್ದು ನಿಂತು, "ಇದು ಲುಚ್ಕಾಳ ಮಾತು. ಅವಳು ಹೇಳಿದ ಹಾಗೇ ಓದ್ತೀನಿ" ಎಂದರು. ಆಮೇಲೆ ನನಗೆ ಪ್ರತಿ ತಂದುಕೊಟ್ಟರು. ಅದನ್ನೇ ನೋಡಿ ಬರೆಯುತ್ತಿದ್ದೇನೆ.

"ನಾನು ಲುಚ್ಕಾ. ಯಾರ ಜೊತೆ ಇರ್ಬೇಕು ಅಂತ ನಾನು ಹೇಳಲ್ಲ. ಅದನ್ನ ಅಪ್ಪ ಅಮ್ಮ ಹೇಳ್ಬೇಕು. ಅವರಿಗೆ ಆಗ್ದಿದ್ರೆ ಜಡ್ಜಮ್ಮ ಹೇಳ್ಬೇಕು. ಅದು ದೊಡ್ಡವರ ಕೆಲ್ಸ. ನಾನು ಇಬ್ಬರಿಗೂ ಅವರ ಜೊತೆ ಇರ್ತೀನಿ ಅಂತ ಹೇಳಿದೀನಿ. ಎರಡೂ ಸುಳ್ಳಲ್ಲ. ನಂಗೆ ಬೇಕಾಗಿರೋದು ಬೇರೆ. ಅಮ್ಮನ ಮನೇಲಿ ಅಪ್ಪನ ಮನೆ ವಿಷಯ ಹೇಳ್ಬೇಕು. ಅಪ್ಪನ ಮನೇಲಿ ಅಮ್ಮನ ಮನೆ ವಿಷಯ ಹೇಳ್ಬೇಕು. ನಾನು ಹೇಳಿದ್ರೆ ಅಮ್ಮ ಬೈಯಲ್ಲ. ಆದ್ರೆ ತರಕಾರಿ ಹೆಚ್ಚೋ ಚಾಕು ನಿಂತ್ಬಿಡುತ್ತೆ. ಅಪ್ಪನೂ ಬೈಯಲ್ಲ. ಶಿಳ್ಳೆ ಹಾಕೋಕೆ ಶುರು ಮಾಡ್ತಾನೆ. ಆಗ ನಾನು ನಿಲ್ಲಿಸ್ಬಿಡ್ತೀನಿ. ನಾನು ಹೇಳಿ ಮುಗಿಸೋ ತನಕ ಕೇಳಿಸ್ಕೊಳ್ಳಲಿ. ಖುಷಿ ಪಡ್ಬೇಕು ಅಂತೇನಿಲ್ಲ. ಕೇಳಿದ್ರೆ ಸಾಕು."

ಅಷ್ಟೇ. ಲೆಬಾನ್ ಕೂತರು.

ನನ್ನ ವಕೀಲರು ಮುಂದಿದ್ದ ಕಡತ ಮುಚ್ಚಿದರು. ಸ್ತಾನೆಯ ವಕೀಲ ಪೆನ್ನಿಗೆ ಮುಚ್ಚಳ ಹಾಕಿದ. ಗುಮಾಸ್ತೆಯ ಬೆರಳು ಕೀಲಿಮಣೆಯ ಮೇಲೆ ನಿಂತೇ ಇತ್ತು. ನ್ಯಾಯಾಧೀಶೆ, ಒಮ್ಮೆಯೂ ನಕ್ಕವರಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ಓದ್ತೀರಾ?" ಎಂದರು. ಲೆಬಾನ್ ಎದ್ದು ಮೊದಲಿನಿಂದ ಓದಿದರು. ಎರಡನೆಯ ಸಲ ಚಾಕುವಿನ ಸಾಲು ಬಂದಾಗ ನಾನು ನನ್ನ ಕೈಯನ್ನೇ ನೋಡಿಕೊಂಡೆ. ನಾನೊಂದು ಕೆಟ್ಟ ಮಾತನ್ನೂ ಆಡಿಲ್ಲ ಎಂದು ಎಲ್ಲರೆದುರು ಎಷ್ಟು ಸಲ ಎದೆ ತಟ್ಟಿಕೊಂಡಿದ್ದೆ! ಆಡಿರಲಿಲ್ಲ, ನಿಜ. ಅವಳು ಚಾಕುವಿನ ಸದ್ದನ್ನು ಕೇಳುತ್ತಿದ್ದಳು.

ನೀವಿಬ್ಬರೂ ಹೊರಗೆ ಹೋಗಿ ಒಮ್ಮೆ ಮಾತಾಡಿ ಬನ್ನಿ, ಎಂದರು ನ್ಯಾಯಾಧೀಶೆ. ವಕೀಲರು ಎದ್ದರೆ, ನೀವು ಕೂತಿರಿ, ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆವು.

"ಶಾಲೆ ಇಲ್ಲೇ ಇರ್ಲಿ," ಎಂದ ಸ್ತಾನೆ. ಅವನೇ ಮೊದಲು ಹೇಳಿದ, ಅತ್ತೆ. "ಅವಳ ಗೆಳತೀರೆಲ್ಲ ಇಲ್ಲೇ ಇದಾರೆ. ಬೇಸಿಗೆ ರಜ ನಂಗೆ ಕೊಡು."

"ಎಷ್ಟು?"

"ಪೂರ್ತಿ."

"ಪೂರ್ತಿನಾ?"

"ಭಾನುವಾರ ನಿನ್ ಹತ್ರ ಕಳಿಸ್ತೀನಿ."

ಆಗಲಿ ಎಂದೆ. ಒಳಗೆ ಹೋಗಿ ಇಬ್ಬರೂ ಅದನ್ನೇ ಹೇಳಿದೆವು. ಇಷ್ಟು ತಿಂಗಳು ಎಳೆದದ್ದು ಒಂದು ಬೆಂಚಿನ ಮೇಲೆ ಮುಗಿಯಿತು.

ಮೆಟ್ಟಿಲಿಳಿಯುವಾಗ ಲೆಬಾನರ ಕೈ ಹಿಡಿದುಕೊಂಡು ಏನೋ ಹೇಳಲು ಹೋದೆ. "ನಾನೇನೂ ಮಾಡ್ಲಿಲ್ಲ. ಬರ್ಕೊಂಡೆ ಅಷ್ಟೇ," ಎಂದರು. ಆದರೆ ನನ್ನ ಕೈಯನ್ನು ಬಿಡಲೇ ಇಲ್ಲ. ಈ ಕೆಲಸದಲ್ಲಿ ಎಷ್ಟೋ ಮಕ್ಕಳನ್ನು ಕಂಡವರು. ಇನ್ನೂ ಅವರಿಗೆ ರೂಢಿಯಾಗಿಲ್ಲ.

ನಿಮ್ಮ
ನೆವೆಂಕಾ


ಬಿಸ್ತ್ರಿತ್ಸಾ
೨೮ ಜೂನ್ ೨೦೨೩

ನೆವೆಂಕಾ,

ಮಗು ಬಂದಿದ್ದಾಳೆ. ಕೆರೆಗೆ ಹೋಗಿ ಈಜಿ, ಮೀನಿನ ವಾಸನೆ ಹೊತ್ತು ಬರುತ್ತಾಳೆ. ಚಿಂತೆ ಮಾಡಬೇಡ.

ಲೆಬಾನ್ ಕೊನೆಯ ಸಲ ಬಂದು ಹೋದಳು. ಅವಳ ಕೆಲಸ ಮುಗಿಯಿತಂತೆ. ಇನ್ನು ಬರುವಂತಿಲ್ಲ, ಅದು ಅವರ ಕಟ್ಟಳೆ. ಲುಚ್ಕಾಗೆ ಮೊದಲೇ ಹೇಳಿದ್ದಳಂತೆ. ನಾನು ಹುಡುಗಿ ಅತ್ತಾಳೆಂದು ಕರವಸ್ತ್ರ ಇಟ್ಟುಕೊಂಡಿದ್ದೆ. ಲುಚ್ಕಾ ಅವಳನ್ನು ಗೇಟಿನ ತನಕ ಬಿಟ್ಟು, ಕೈಕುಲುಕಿ, "ನಿಮ್ಗೆ ಮುಂದೆ ಯಾರು ಸಿಗ್ತಾರೆ?" ಎಂದು ಕೇಳಿದಳು. "ಒಬ್ಬ ಹುಡುಗ," ಎಂದಳು ಲೆಬಾನ್. "ಅವನಿಗೆ ರೈಲು ಇದೆಯಾ?" "ಗೊತ್ತಿಲ್ಲ. ಕೇಳ್ಬೇಕು." ಲುಚ್ಕಾ ಹಿಂದಿರುಗಿ ನೋಡದೆ ಕೆರೆಯ ಕಡೆ ಓಡಿದಳು. ಗೇಟಿನ ಬಳಿ ನಿಂತು ನೋಡುತ್ತಿದ್ದವಳು ಲೆಬಾನ್. ಕರವಸ್ತ್ರ ಅವಳಿಗೇ ಕೊಟ್ಟೆ.

ತನ್ನನ್ನು ಮರೆತು ಓಡಲಿ ಎಂದೇ ಒಂದು ಮಗುವಿನ ಜೊತೆ ಅಷ್ಟು ದೂರ ನಡೆಯುವವರೂ ಇರುತ್ತಾರಲ್ಲ. ನನಗೆ ಎಂಬತ್ತು ಸಮೀಪಿಸಿತು, ಇದನ್ನು ನೋಡಲಿಕ್ಕೆ.

ಈ ಮನೆಯ ಒಂದು ಸುದ್ದಿಯನ್ನು ನಾನು ಬರೆಯುತ್ತಿಲ್ಲ. ಕೆಟ್ಟದ್ದಲ್ಲ. ಹೇಳುವುದು ನನ್ನ ಪಾಲಿನದಲ್ಲ, ಅಷ್ಟೇ. ಭಾನುವಾರ ಬಾಗಿಲು ತೆರೆದಿಟ್ಟುಕೊಂಡಿರು.

ಪಾವ್ಲಾ


ಪೊದ್ಬರ್ದೊ
೨ ಜುಲೈ ೨೦೨೩

ಅತ್ತೆ,

ಈಗಷ್ಟೇ ಅವಳನ್ನು ರೈಲು ಹತ್ತಿಸಿ ಬಂದೆ. ಬಿಸಿ ಆರುವ ಮೊದಲು ಬರೆಯಬೇಕೆನ್ನಿಸಿತು.

ಬೆಳಿಗ್ಗೆ ಇಳಿದವಳೇ ಚೀಲ ಎಸೆದು ಮಾತು ಶುರುಮಾಡಿದಳು. ಕೆರೆಯಲ್ಲಿ ಅಪ್ಪ ಜಾರಿಬಿದ್ದದ್ದು, ನೀವು ಅವನ ಒದ್ದೆ ಪ್ಯಾಂಟನ್ನು ಬೇಲಿಗೆ ನೇತುಹಾಕಿ ಊರಿಗೆಲ್ಲ ತೋರಿಸಿದ್ದು. ನಾನು ನಕ್ಕೆ, ಆ ನಗು ನಿಜವಾದದ್ದೇ. ಆಮೇಲೆ ಊಟಕ್ಕೆ ಕೂತಾಗ, ನನ್ನ ಕಡೆ ನೋಡದೆ, ಆಲೂಗಡ್ಡೆ ಸುಲಿಯುತ್ತ ಹೇಳಿದಳು:

"ನಿನ್ನೆ ಮೆತ್ಕಾ ಬಂದಿದ್ರು. ಅವ್ರು ಅಪ್ಪನ ಗೆಳತಿ. ಅಪ್ಪ ಅವ್ರ ಕೈ ಹಿಡ್ಕೊಂಡಿದ್ದ."

ನೀವು ಬರೆಯದೆ ಬಿಟ್ಟದ್ದು ಇದನ್ನೇ ಎಂದು ಆಗ ತಿಳಿಯಿತು. ಬರೆಯದಿದ್ದದ್ದು ಒಳ್ಳೆಯದಾಯಿತು. ಬರೆದಿದ್ದರೆ ನಾನು ಮುಖವನ್ನು ಸಿದ್ಧಮಾಡಿ ಇಟ್ಟುಕೊಂಡಿರುತ್ತಿದ್ದೆ. ಅವಳು ಅದನ್ನು ಕಂಡುಹಿಡಿಯುತ್ತಿದ್ದಳು.

ಅತ್ತೆ, ನಾನು ನಿಮ್ಮ ಮಗನನ್ನು ಬಿಟ್ಟವಳು. ಅವನು ಯಾರ ಕೈ ಹಿಡಿದರೆ ನನಗೇನು? ಆದರೂ ಒಳಗೆ ಎಲ್ಲೋ ಏನೋ ಕಡಿಯಿತು. ಖುಷಿಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಸುಲಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ಆ ಕಾಯುವಿಕೆ ನನಗೆ ಕೇಳಿಸುತ್ತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

"ಆಮೇಲೆ?" ಎಂದೆ.

ಅವಳು ತಲೆಯೆತ್ತಿ ನೋಡಿದಳು. ಮೆತ್ಕಾಳಿಗೆ ಸೀನು ಬಂದರೆ ನಿಲ್ಲುವುದೇ ಇಲ್ಲವಂತೆ. ಮೆತ್ಕಾಳ ನಾಯಿಗೆ ಒಂದು ಕಿವಿ ಇಲ್ಲವಂತೆ. ಅಪ್ಪ ಅಡುಗೆ ಮಾಡಿ ಉಪ್ಪು ಹಾಕುವುದನ್ನೇ ಮರೆತನಂತೆ, ಮೆತ್ಕಾ ಏನೂ ಹೇಳದೆ ತಿಂದಳಂತೆ, ಅಜ್ಜಿ ಮಾತ್ರ "ಥೂ" ಎಂದಳಂತೆ. ತಟ್ಟೆಯಲ್ಲಿ ಆಲೂಗಡ್ಡೆ ತಣ್ಣಗಾಯಿತು. ನನ್ನದೂ ತಣ್ಣಗಾಯಿತು. ಒಂದು ಮುಗಿದರೆ ಇನ್ನೊಂದು, ಕೈ ಮೇಲೆತ್ತಿ, ಎದ್ದು ನಿಂತು, ಎಲ್ಲರ ದನಿಯಲ್ಲೂ ಹೇಳುತ್ತ ಹೋದಳು. ಅವಳಲ್ಲಿ ಅಷ್ಟು ಇತ್ತು.

ಸಂಜೆಯ ಗಾಡಿಗೆ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು. ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು. ಹತ್ತಿ ಕೂತ ಮೇಲೂ ಕಿಟಕಿ ಇಳಿಸಿ ಹೇಳುತ್ತಿದ್ದಳು. ಗಾಡಿ ಅಲ್ಲಾಡಿತು. ನಾನು ಪಕ್ಕದಲ್ಲೇ ಹೆಜ್ಜೆ ಹಾಕಿದೆ, ಆಮೇಲೆ ಓಡಿದೆ. ಪ್ಲಾಟ್‌ಫಾರಂ ಮುಗಿಯುವ ತನಕ ಓಡಿದೆ.

ನಿಮ್ಮ
ನೆವೆಂಕಾ